ನಡು ಹಸಿಯೋ, ಹದವೋ: ಚಾಕೊಲೇಟ್ ಪೀನಟ್ ಬಟರ್ ಕೇಕಿನ ದೋಷ ಹುಡುಕುವ ಬಗೆ

ಸ್ಪಂಜ್ ಕೇಕಿನ ದೋಷ ಹಿಡಿಯುವುದು ಸುಲಭ. ನಡುವೆ ಕಡ್ಡಿ ಚುಚ್ಚಬೇಕು, ಹಿಟ್ಟು ಅಂಟಿದರೆ ಬೆಂದಿಲ್ಲ, ಅಂಟದಿದ್ದರೆ ಬೆಂದಿದೆ. ಒಳಗೆ ಅಂಟಂಟಾಗಿ, ಬಾಯಲ್ಲಿಟ್ಟರೆ ಕರಗುವಂತೆ ಇರಬೇಕಾದ ಚಾಕೊಲೇಟ್ ಪೀನಟ್ ಬಟರ್ ಕೇಕಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಚೆನ್ನಾಗಿ ಬೆಂದ ಮೇಲೂ ಅದರ ನಡು ಕಡ್ಡಿಗೆ ಅಂಟುತ್ತದೆ, ಅಂಟಲೇಬೇಕು. ಹಾಗಾಗಿ ಹಸಿ ಹಿಟ್ಟನ್ನೇ ಹದ ಎಂದುಕೊಂಡು ತಿನ್ನುವವರೂ ಇದ್ದಾರೆ, ಹದವಾಗಿ ಬಂದದ್ದನ್ನು ಹಸಿ ಎಂದುಕೊಂಡು ಮತ್ತೆ ಒಲೆಗಿಟ್ಟು ಒಣಗಿಸುವವರೂ ಇದ್ದಾರೆ.

ಎರಡರ ವ್ಯತ್ಯಾಸ ನಮ್ಮ ಅಡುಗೆಮನೆಯಲ್ಲೇ ಇದೆ. ಬಿಸಿ ಗೋಧಿ ಹಲ್ವವನ್ನು ಚಮಚದಲ್ಲಿ ಎತ್ತಿದರೆ ಅದು ಒಟ್ಟಾಗಿ ಬರುತ್ತದೆ, ಹೊಳೆಯುತ್ತದೆ, ನಿಧಾನಕ್ಕೆ ಬಾಗುತ್ತದೆ. ಹದ ಬಂದ ಕೇಕಿನ ನಡು ಹಾಗಿರುತ್ತದೆ. ಬೇಯದ ಇಡ್ಲಿಯ ಹೊಟ್ಟೆ ನೋಡಿದ್ದೀರಲ್ಲ, ಮುಟ್ಟಿದರೆ ಲೋಳೆ, ನಾಲಗೆಗೆ ಹಿಟ್ಟಿನ ವಾಸನೆ. ಹಸಿ ಕೇಕು ಹಾಗಿರುತ್ತದೆ. ಈ ಎರಡು ಚಿತ್ರ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ನನಗೆ ಇದು ತಿಳಿಯಲು ಮೂರು ಕೇಕು ಬೇಕಾಯಿತು. ಅಕ್ಕನ ಮಗಳ ಹುಟ್ಟುಹಬ್ಬಕ್ಕೆಂದು ಮಾಡಿದ ಮೊದಲನೆಯದರ ಅಂಚು ರಸ್ಕಿನಂತೆ, ಮೇಲ್ಭಾಗ ಕಪ್ಪಗೆ, ಕತ್ತರಿಸಿದರೆ ನಡುವಿನಿಂದ ಹಿಟ್ಟು ಹರಿದುಬಂತು. ಹೊತ್ತು ಸಾಲಲಿಲ್ಲ ಎಂದುಕೊಂಡೆ. ಮುಂದಿನ ಭಾನುವಾರ ಹತ್ತು ನಿಮಿಷ ಹೆಚ್ಚು ಬೇಯಿಸಿದೆ. ನಡು ಗಟ್ಟಿಯಾಯಿತು, ಉಳಿದದ್ದೆಲ್ಲ ಪುಡಿಪುಡಿಯಾಯಿತು. ಮೂರನೆಯ ಸಲ ಬೆಣ್ಣೆ ಹೆಚ್ಚಿಸಿ, ಮೈದಾ ಕಡಿಮೆ ಮಾಡಿ, ಟಿನ್ನನ್ನೂ ಬದಲಿಸಿದೆ. ಮೂರು ಬದಲಾವಣೆ ಒಟ್ಟಿಗೆ ಮಾಡಿದ್ದರಿಂದ ಯಾವುದು ಏನು ಮಾಡಿತೆಂದು ತಿಳಿಯುವ ದಾರಿಯೇ ಮುಚ್ಚಿಹೋಯಿತು. ಕೊನೆಗೆ ಓವನ್ ಥರ್ಮಾಮೀಟರ್ ಒಂದನ್ನು ಕೊಂಡು ಒಳಗಿಟ್ಟೆ. ನಾಬ್ 180ರಲ್ಲಿತ್ತು, ಮುಳ್ಳು 210 ಮುಟ್ಟಿತು. ರೆಸಿಪಿಯಲ್ಲಿ ತಪ್ಪೇ ಇರಲಿಲ್ಲ.

ಆದ್ದರಿಂದ ದೋಷ ಹುಡುಕಲು ಹೊರಟವರು ಮೊದಲು ಒಂದು ಅಳತೆಗೆ ಅಂಟಿಕೊಳ್ಳಬೇಕು. ನಾನು ಅಂಟಿಕೊಂಡದ್ದು ಇದು: ಎಂಟು ಇಂಚಿನ ದುಂಡು ಟಿನ್ನಿಗೆ ಡಾರ್ಕ್ ಚಾಕೊಲೇಟ್ 150 ಗ್ರಾಂ, ಉಪ್ಪಿಲ್ಲದ ಬೆಣ್ಣೆ 120 ಗ್ರಾಂ, ಪುಡಿ ಮಾಡಿದ ಸಕ್ಕರೆ 180 ಗ್ರಾಂ, ಮೊಟ್ಟೆ ಮೂರು, ಮೈದಾ 60 ಗ್ರಾಂ, ಕೋಕೋ ಪುಡಿ 20 ಗ್ರಾಂ, ಚಿಟಿಕೆ ಉಪ್ಪು. ಒಳಗೆ ಇಡಲು ಪೀನಟ್ ಬಟರ್ 150 ಗ್ರಾಂ, ಅದಕ್ಕೆ ಐಸಿಂಗ್ ಸಕ್ಕರೆ 40 ಗ್ರಾಂ, ಎರಡು ಚಮಚ ಕ್ರೀಮ್. ಸೋಡಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಸ್ವೀಡನ್ನಿನ ಮನೆಮನೆಯ ಅಂಟು ಕೇಕು ಕ್ಲಾಡ್‌ಕಾಕಾ ಕೂಡ ಬೇಕಿಂಗ್ ಪೌಡರ್ ಇಲ್ಲದೆಯೇ ಆಗುವಂಥದ್ದು. ಒಳಗೆ ಗಾಳಿ ಕಡಿಮೆಯಾದಷ್ಟೂ ತುಂಡು ಒತ್ತಾಗಿ, ಒದ್ದೆಯಾಗಿ ಉಳಿಯುತ್ತದೆ. ನಿಜವಾದ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದಕ್ಕೆ 28ರಿಂದ 32 ನಿಮಿಷ ಹಿಡಿಯುತ್ತದೆ.

ಕತ್ತರಿಸಿದ ಮುಖ ಏನು ಹೇಳುತ್ತದೆ

ಕೆಟ್ಟ ಕೇಕನ್ನು ಕೂಡಲೇ ಕಸಕ್ಕೆ ಹಾಕಬೇಡಿ. ಕನಿಷ್ಠ ಮುಕ್ಕಾಲು ಗಂಟೆ ಟಿನ್ನಿನಲ್ಲೇ ಬಿಡಿ. ಬಿಸಿಬಿಸಿ ಇದ್ದಾಗ ಸರಿಯಾದ ಕೇಕೂ ಹರಿಯುತ್ತದೆ, ಏಕೆಂದರೆ ಚಾಕೊಲೇಟಿನ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುವಂಥದ್ದು. ಆರಿದ ಮೇಲೆ ಅಂಚಿನಿಂದ ಅಂಚಿಗೆ, ಸರಿಯಾಗಿ ನಡುವಿನಲ್ಲಿ ಹಾದುಹೋಗುವಂತೆ ಒಂದೇ ಏಟಿಗೆ ಕತ್ತರಿಸಿ ಬೆಳಕಿಗೆ ಹಿಡಿಯಿರಿ.

ಅಂಚು ಒಣಗಿ ಕಂದಿ, ನಡುವಿನಲ್ಲಿ ಮಾತ್ರ ಕಂಬದಂತೆ ಹಸಿ ನಿಂತಿದ್ದರೆ ಓವನ್ ಅತಿ ಬಿಸಿ. ಎಲ್ಲೂ ಕಂದಿಲ್ಲ, ಅಂಚಿನಿಂದ ನಡುವಿನವರೆಗೂ ಒಂದೇ ಸಮನೆ ಪೇಲವವಾಗಿ ಹಸಿಯಾಗಿದ್ದರೆ ಬಿಸಿ ಸಾಲದು, ಇಲ್ಲವೇ ಹೊತ್ತು ಸಾಲದು. ಮೇಲ್ಭಾಗ ಸರಿಯಿದ್ದು ತಳ ಮಾತ್ರ ಹಸಿಯಾಗಿದ್ದರೆ ಕೆಳಗಿನ ರಾಡಿನ ಶಾಖ ಟಿನ್ನಿಗೆ ತಲುಪುತ್ತಿಲ್ಲ. ಟಿನ್ನನ್ನು ದಪ್ಪ ಟ್ರೇ ಮೇಲೆ ಇಟ್ಟಿದ್ದೀರಿ, ಅಥವಾ ಗಾಜಿನ ಪಾತ್ರೆ ಬಳಸಿದ್ದೀರಿ. ಪೀನಟ್ ಬಟರಿನ ಸುತ್ತ ಮಾತ್ರ ಹಸಿ ಪದರವಿದ್ದು ಉಳಿದದ್ದು ಬೆಂದಿದ್ದರೆ ಓವನ್ನಿನ ತಪ್ಪಲ್ಲ, ಒಳಗಿಟ್ಟ ಪೀನಟ್ ಬಟರ್ ತೀರಾ ತಣ್ಣಗಿತ್ತು. ತಳದಲ್ಲಿ ರಬ್ಬರಿನಂಥ ಗಟ್ಟಿ ಪದರ, ಬಟರ್ ಪೇಪರ್ ತುಂಬ ಜಿಡ್ಡು ಕಂಡರೆ ಹಿಟ್ಟು ಕಲಸುವಾಗಲೇ ಜಿಡ್ಡು ಬೇರೆಯಾಗಿತ್ತು.

ನನ್ನ ಅನುಭವದಲ್ಲಿ ಹತ್ತಿಪ್ಪತ್ತು ದೋಷಗಳ ಹಿಂದೆ ಇರುವುದು ಎರಡೇ ಕಾರಣ, ಶಾಖ ಮತ್ತು ಪೀನಟ್ ಬಟರ್. ಅವೆರಡನ್ನು ಬಿಡಿಸಿ ಬರೆಯುತ್ತೇನೆ.

ಶಾಖ

ಈ ಕೇಕನ್ನು ಹಿಡಿದು ನಿಲ್ಲಿಸುವುದು ಮೊಟ್ಟೆ. ಬರೀ ಮೊಟ್ಟೆಯ ಬಿಳಿ 62 ಡಿಗ್ರಿ ಹೊತ್ತಿಗೆ ಹೆಪ್ಪುಗಟ್ಟತೊಡಗುತ್ತದೆ, ಹಳದಿ 65 ದಾಟಿದ ಮೇಲೆ ದಪ್ಪವಾಗಿ 70ರ ಸುಮಾರಿಗೆ ಗಟ್ಟಿಯಾಗುತ್ತದೆ. ಇಷ್ಟು ಸಕ್ಕರೆ ಸೇರಿದಾಗ ಈ ಅಂಕಿಗಳು ಇನ್ನೂ ಮೇಲಕ್ಕೆ ಹೋಗುತ್ತವೆ. ಮೊಟ್ಟೆ ತಿನ್ನಲು ಸುರಕ್ಷಿತ ಎಂದು ಹೇಳುವ ಮಿತಿ 71 ಡಿಗ್ರಿ. ನಾನು ಕೇಕನ್ನು ಹೊರಗೆ ತೆಗೆಯುವುದು ನಡುವಿನ ಹಿಟ್ಟು 75ರಿಂದ 78 ಡಿಗ್ರಿಯಲ್ಲಿದ್ದಾಗ. ಸ್ಪಂಜ್ ಕೇಕು 95 ದಾಟುತ್ತದೆ, ಈ ಕೇಕು ಅಲ್ಲಿಗೆ ಹೋದರೆ ಅಂಟು ಉಳಿಯುವುದಿಲ್ಲ. ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಅದರ ತುದಿ ಪೀನಟ್ ಬಟರಿಗೆ ತಾಗದಂತೆ, ಬರೀ ಹಿಟ್ಟಿರುವ ಕಡೆ ಇಳಿಸಬೇಕು.

ಥರ್ಮಾಮೀಟರ್ ಇಲ್ಲದವರು ಕಡ್ಡಿಯನ್ನು ನಡುವೆ ಚುಚ್ಚುವ ಬದಲು ಅಂಚಿನಿಂದ ಎರಡು ಬೆರಳು ಒಳಗೆ ಚುಚ್ಚಿ. ಅಲ್ಲಿ ಒದ್ದೆ ತುಣುಕುಗಳು ಅಂಟಬೇಕು, ಹರಿಯುವ ಹಿಟ್ಟು ಅಂಟಬಾರದು. ಟಿನ್ನನ್ನು ಮೆಲ್ಲಗೆ ಅಲುಗಿಸಿದರೆ ನಡುವಿನ ನಾಲ್ಕು ಬೆರಳಗಲ ಗಿಣ್ಣಿನಂತೆ ಒಟ್ಟಾಗಿ ಅದುರಬೇಕು. ನೀರಿನಂತೆ ಅಲೆ ಎದ್ದರೆ ಇನ್ನೂ ಐದು ನಿಮಿಷ.

ಓವನ್ ಅತಿ ಬಿಸಿಯಾದರೆ ನಡು ಏಕೆ ಹಸಿಯಾಗುತ್ತದೆ ಎಂಬುದು ಬಹಳ ಮಂದಿಗೆ ಒಗಟು. ಕೇಕಿನ ಹಿಟ್ಟಿನಲ್ಲಿ ಶಾಖ ನಿಧಾನಕ್ಕೆ ಸಾಗುತ್ತದೆ. ಲೋಹಕ್ಕೆ ತಾಗಿದ ಅಂಚು ಹತ್ತು ನಿಮಿಷದಲ್ಲೇ ಗಟ್ಟಿಯಾದರೆ, ಮೇಲ್ಭಾಗ ಕಂದಿ ನಾವು ಗಾಬರಿಯಿಂದ ಹೊರಗೆ ತೆಗೆಯುವ ಹೊತ್ತಿಗೆ ನಡು ಇನ್ನೂ 55 ಡಿಗ್ರಿಯನ್ನೂ ಮುಟ್ಟಿರುವುದಿಲ್ಲ. ದೊಡ್ಡ ಉರಿಯಲ್ಲಿ ದೋಸೆಯ ತಳ ಸೀದು ಮೇಲೆ ಹಸಿ ಉಳಿಯುತ್ತದಲ್ಲ, ಇಲ್ಲೂ ಅದೇ. ಹೊತ್ತು ಹೆಚ್ಚಿಸುವುದು ಇದಕ್ಕೆ ಮದ್ದಲ್ಲ. ಉರಿ ಇಳಿಸಬೇಕು.

ಮನೆಯ ಓಟಿಜಿಗಳಲ್ಲಿ, ಅಂದರೆ ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್‌ಗಳಲ್ಲಿ, ನಾಬ್ ತೋರಿಸುವ ಅಂಕಿಗೂ ಒಳಗಿನ ಬಿಸಿಗೂ ಇಪ್ಪತ್ತು ಮೂವತ್ತು ಡಿಗ್ರಿ ಅಂತರ ಇರುವುದು ಅಪರೂಪವಲ್ಲ. ಡಯಲ್ ಇರುವ ಓವನ್ ಥರ್ಮಾಮೀಟರನ್ನು ಕೇಕು ಕೂರುವ ಜಾಗದಲ್ಲೇ ಇಟ್ಟು, ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಐದೈದು ನಿಮಿಷಕ್ಕೊಮ್ಮೆ ನಾಲ್ಕು ಸಲ ಬರೆದುಕೊಳ್ಳಿ. ರಾಡು ಉರಿದಾಗ ಮುಳ್ಳು ಏರುತ್ತದೆ, ಆರಿದಾಗ ಇಳಿಯುತ್ತದೆ. ಒಂದೇ ಸಲ ನೋಡಿ ತೀರ್ಮಾನಿಸಬಾರದು, ಸರಾಸರಿ ಬೇಕು. ನನ್ನ ಓವನ್ನಿಗೆ 170 ಬೇಕೆಂದರೆ ನಾಬ್ 150ರಲ್ಲಿ ಇರಬೇಕು. ಅಲ್ಲಿ ಮಾರ್ಕರಿನಿಂದ ಗೆರೆ ಎಳೆದಿಟ್ಟಿದ್ದೇನೆ.

ಓವನ್ನಿನ ಸೂಚಕ ದೀಪ ಮೊದಲ ಸಲ ಆರಿದೊಡನೆ ಟಿನ್ ಒಳಗಿಡುವುದು ಇನ್ನೊಂದು ತಪ್ಪು. ಆಗ ಗಾಳಿ ಮಾತ್ರ ಕಾದಿರುತ್ತದೆ, ಗೋಡೆಗಳು ಕಾದಿರುವುದಿಲ್ಲ. ಬಾಗಿಲು ತೆರೆದರೆ ಆ ಬಿಸಿಯೆಲ್ಲ ಹೊರಗೆ. ಮತ್ತೆ ಹತ್ತು ನಿಮಿಷ ಕಾಯಿರಿ. ಸಣ್ಣ ಓಟಿಜಿಯಲ್ಲಿ ಟಿನ್ ಮೇಲಿನ ರಾಡಿಗೆ ತೀರಾ ಹತ್ತಿರ ಬರುತ್ತದೆ, ಹಾಗಿದ್ದರೆ ಜಾಲರಿಯನ್ನು ಒಂದು ಮೆಟ್ಟಿಲು ಇಳಿಸಿ, ಮೊದಲ ಹದಿನೈದು ನಿಮಿಷ ಕೆಳಗಿನ ರಾಡನ್ನು ಮಾತ್ರ ಉರಿಸಿ. ಕಪ್ಪು ಬಣ್ಣದ ಟಿನ್ ಶಾಖವನ್ನು ಬೇಗ ಹೀರಿ ಅಂಚನ್ನು ಒಣಗಿಸುತ್ತದೆ, ಅದಕ್ಕೆ 15 ಡಿಗ್ರಿ ಕಡಿಮೆ ಮಾಡಬೇಕು. ಕನ್ವೆಕ್ಷನ್ ಮೈಕ್ರೋವೇವಿನಲ್ಲಿ ಫ್ಯಾನ್ ಬಿಸಿಗಾಳಿಯನ್ನು ಓಡಾಡಿಸುವುದರಿಂದ ಅಲ್ಲೂ 15ರಿಂದ 20 ಡಿಗ್ರಿ ಇಳಿಸುವುದು ಒಳ್ಳೆಯದು.

ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಕೇಕು ಕೈಕೊಡುತ್ತದೆ ಎನ್ನುವವರಿದ್ದಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಸ್ವಲ್ಪ ಮೇಲಿದೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಬೇಕಿಂಗ್ ಪೌಡರ್ ಹಾಕಿ ಉಬ್ಬಿಸುವ ಕೇಕಿಗೆ ಇದರ ಪರಿಣಾಮ ಒಂದಿಷ್ಟು ಇರುತ್ತದೆ. ಉಬ್ಬಿಸದ, 78 ಡಿಗ್ರಿಗೇ ನಿಲ್ಲುವ ಈ ಕೇಕಿನ ಮಟ್ಟಿಗೆ ಅದನ್ನು ಕಾರಣವೆಂದು ಹಿಡಿಯಬೇಕಿಲ್ಲ.

ಪೀನಟ್ ಬಟರ್

ಚಾಕೊಲೇಟಿನ ಜೊತೆ ಪೀನಟ್ ಬಟರ್ ಸೇರಿಸುವ ರುಚಿ ಅಮೆರಿಕದ್ದು. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಎಚ್. ಬಿ. ರೀಸ್ 1928ರಲ್ಲಿ ಪೀನಟ್ ಬಟರ್ ಕಪ್ ಮಾಡಿ ಮಾರಿದ ಮೇಲೆ ಆ ಜೋಡಿ ಅಲ್ಲಿ ಮನೆಮಾತಾಯಿತು. ಅಲ್ಲಿಯ ರೆಸಿಪಿಗಳು ಪೀನಟ್ ಬಟರ್ ಎಂದಾಗ ಹೆಚ್ಚಾಗಿ ಸಕ್ಕರೆ ಬೆರೆಸಿದ, ಹೈಡ್ರೋಜನೀಕರಿಸಿದ ಎಣ್ಣೆ ಹಾಕಿ ಗಟ್ಟಿ ನಿಲ್ಲಿಸಿದ ಬಗೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ಡಬ್ಬಿಯ ಮೇಲೆ ಪದಾರ್ಥಗಳ ಪಟ್ಟಿ ಓದಿ. ಕಡಲೆಕಾಯಿ ಒಂದೇ ಇದ್ದರೆ ಅದು ಎಣ್ಣೆ ಬಿಡುವ ಬಗೆ. ಕಡಲೆಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಡಬ್ಬಿಯಲ್ಲಿ ಮೇಲೆ ತೇಲಿದ ಎಣ್ಣೆಯನ್ನು ತಳದಿಂದ ಕಲಕದೆ ಮೇಲಿನ ಎರಡು ಚಮಚ ತೆಗೆದು ಹಾಕಿದರೆ ಕೇಕಿನ ಮೇಲೆ ಎಣ್ಣೆ ಕೆರೆ ಕಟ್ಟುತ್ತದೆ. ಡಬ್ಬಿಯ ತಳದಲ್ಲಿ ಉಳಿದದ್ದನ್ನು ಹಾಕಿದರೆ ಒಳಗೆ ಮಣ್ಣಿನ ಹೆಂಟೆಯಂತೆ ಒಣಗಿ ಕೂರುತ್ತದೆ. ಒಂದೇ ಡಬ್ಬಿ, ಎರಡು ದೋಷ.

ಮನೆಯಲ್ಲೇ ಅರೆಯುವವರು ನಮ್ಮಲ್ಲಿ ಬಹಳ, ನಾನೂ ಅರೆಯುತ್ತೇನೆ. ಶೇಂಗಾ ಚಟ್ನಿಪುಡಿ ಮಾಡುವಾಗ ಎಣ್ಣೆ ಬಿಡುವ ಮೊದಲೇ ಮಿಕ್ಸಿ ನಿಲ್ಲಿಸಬೇಕು ಎಂದು ಕೈಗೆ ಅಭ್ಯಾಸವಾಗಿದೆ. ಪೀನಟ್ ಬಟರಿಗೆ ಅಲ್ಲಿಂದಲೇ ನಿಜವಾದ ಕೆಲಸ ಶುರು. ಮೊದಲು ಪುಡಿ, ಆಮೇಲೆ ಬದಿಗೆ ಅಂಟುವ ಮುದ್ದೆ, ಅದನ್ನು ಸೌಟಿನಿಂದ ಕೆರೆದು ಮತ್ತೆ ತಿರುಗಿಸುತ್ತಾ ಹೋದರೆ ಬ್ಲೇಡಿನ ಬಿಸಿಗೆ ಎಣ್ಣೆ ಬಿಟ್ಟು ಹೊಳಪಿನ ಹಿಟ್ಟಾಗುತ್ತದೆ. ಮುದ್ದೆ ಹಂತದಲ್ಲೇ ನಿಲ್ಲಿಸಿದ್ದು ಕೇಕಿನೊಳಗೆ ಮರಳಿನಂತೆ ಸಿಗುತ್ತದೆ. ಮಿಕ್ಸಿ ತಿರುಗುತ್ತಿಲ್ಲವೆಂದು ನೀರು ಹಾಕಲೇಬೇಡಿ. ಚಟ್ನಿಗೆ ನೀರು ಸರಿ, ಇಲ್ಲಿ ಒಂದು ಚಮಚ ನೀರು ಬಿದ್ದರೂ ಸಡಿಲವಾಗುವ ಬದಲು ಹಿಡಿದುಕೊಂಡು ಗಟ್ಟಿಯಾಗುತ್ತದೆ. ಒಂದೆರಡು ಚಮಚ ಕಡಲೆಕಾಯಿ ಎಣ್ಣೆ ಸಾಕು.

ಬೀಜ ಒಣಗಿದ್ದಿರಬೇಕು. ಕಾರ್ತಿಕದ ಕೊನೆಯ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆಯಿಂದ ತಂದ ಹಸಿ ಕಾಯಿ ಬೇಯಿಸಿ ತಿನ್ನಲು ಬಲು ರುಚಿ, ಆದರೆ ಅದರ ನೀರಿನಂಶಕ್ಕೆ ಎಣ್ಣೆ ಬಿಡುವುದಿಲ್ಲ, ಅರೆದದ್ದು ಬೇಗ ಕೆಡುತ್ತದೆ. ಹುರಿಯುವಾಗ ಸಣ್ಣ ಉರಿ, ಸಿಪ್ಪೆ ಉದುರುವಷ್ಟು, ಬೀಜ ಹೊಂಬಣ್ಣ ತಿರುಗುವಷ್ಟು. ಒಲೆಯಲ್ಲಿ ಅದು ಮತ್ತೊಮ್ಮೆ ಬಿಸಿ ಕಾಣುವುದರಿಂದ ಶೇಂಗಾ ಹೋಳಿಗೆಯ ಹೂರಣಕ್ಕಿಂತ ಒಂದು ಹದ ಕಡಿಮೆ ಹುರಿಯಿರಿ, ಇಲ್ಲದಿದ್ದರೆ ಕೇಕಿಗೆ ಕಹಿ ಬರುತ್ತದೆ. ಆ ಕಹಿಯನ್ನು ಜನ ಕೋಕೋ ಮೇಲೆ ಹಾಕುತ್ತಾರೆ. ಪೀನಟ್ ಬಟರನ್ನೇ ನಾಲಗೆಗೆ ಹಚ್ಚಿ ನೋಡಿದರೆ ಗೊತ್ತಾಗುತ್ತದೆ.

ಬರೀ ಪೀನಟ್ ಬಟರನ್ನು ಹಾಗೇ ಹಿಟ್ಟಿನೊಳಗೆ ಇಟ್ಟರೆ ಬೇಯುವಾಗ ಅದು ಒಣಗಿ, ಎಣ್ಣೆ ಬೇರೆ ಪುಡಿ ಬೇರೆ ಆಗುತ್ತದೆ. ಅದರಲ್ಲಿ ನೀರಿನಂಶ ತೀರಾ ಕಡಿಮೆ. ಐಸಿಂಗ್ ಸಕ್ಕರೆ ಮತ್ತು ಕ್ರೀಮ್ ಬೆರೆಸುವುದು ಅದಕ್ಕಾಗಿಯೇ. ಕ್ರೀಮ್ ಬಿದ್ದೊಡನೆ ಮೊದಲು ಗಟ್ಟಿಯಾದಂತೆ ಕಾಣುತ್ತದೆ, ಕಲಸುತ್ತಾ ಹೋದರೆ ನುಣ್ಣಗಾಗುತ್ತದೆ. ಬೆರಳಿಂದ ಒತ್ತಿದರೆ ಗುರುತು ಉಳಿಯಬೇಕು, ಹರಿಯಬಾರದು.

ತೆಳುವಾಗಿ ಹರಿಯುವುದನ್ನು ಹಾಕಿದರೆ ಎಲ್ಲವೂ ತಳಕ್ಕೆ ಇಳಿದು ಅಲ್ಲಿ ಸೀಯುತ್ತದೆ. ಅದಕ್ಕೆ ಬಟರ್ ಪೇಪರ್ ಮೇಲೆ ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ ಫ್ರೀಜರಿನಲ್ಲಿ 20ರಿಂದ 30 ನಿಮಿಷ ಇಡಬೇಕು. ಹಿಂದಿನ ರಾತ್ರಿಯೇ ಮಾಡಿಟ್ಟು ಕಲ್ಲಿನಂತೆ ಹೆಪ್ಪುಗಟ್ಟಿದ ಬಿಲ್ಲೆ ಇಟ್ಟರೆ ಸುತ್ತಲಿನ ಹಿಟ್ಟಿನ ಬಿಸಿಯನ್ನೆಲ್ಲ ಅದೇ ಹೀರುತ್ತದೆ. ಆ ಹಸಿ ಪದರದ ಗುಟ್ಟು ಇದು. ಒಂದೇ ದೊಡ್ಡ ಬಿಲ್ಲೆಗಿಂತ ಚಮಚದಷ್ಟರ ಏಳೆಂಟು ಸಣ್ಣ ಬಿಲ್ಲೆಗಳು ನನಗೆ ಹೆಚ್ಚು ನಂಬಿಕೆಯವು, ನಡುವೆ ಒಂದೇ ಒಂದು ಸಾಕು. ಅರ್ಧ ಹಿಟ್ಟು, ಬಿಲ್ಲೆಗಳು, ಮೇಲೆ ಉಳಿದ ಹಿಟ್ಟು. ಟಿನ್ನಿನ ಅಂಚಿನಿಂದ ಒಂದು ಬೆರಳು ದೂರವಿರಲಿ, ಅಂಚಿಗೆ ತಾಗಿದ್ದು ಸೀದು ಅಂಟಿಕೊಳ್ಳುತ್ತದೆ.

ಹಿಟ್ಟಿನ ಹಂತದಲ್ಲೇ ಕೈಕೊಟ್ಟರೆ

ಚಾಕೊಲೇಟ್ ಕರಗಿಸುವಾಗ ಹಠಾತ್ತನೆ ಮಣ್ಣಿನಂತೆ ಗಟ್ಟಿಯಾದರೆ ಎಲ್ಲಿಂದಲೋ ಹನಿ ನೀರು ಬಿದ್ದಿದೆ: ಒದ್ದೆ ಚಮಚ, ಕೆಳಗಿನ ಪಾತ್ರೆಯ ಹಬೆ. ಎಸೆಯಬೇಡಿ. 150 ಗ್ರಾಂ ಚಾಕೊಲೇಟಿಗೆ ಮೂರು ದೊಡ್ಡ ಚಮಚ ಬಿಸಿ ಹಾಲು ಒಂದೊಂದಾಗಿ ಹಾಕಿ ಕಲಕಿದರೆ ಮತ್ತೆ ಸಡಿಲವಾಗುತ್ತದೆ. ಹನಿ ನೀರು ಕೆಡಿಸುತ್ತದೆ, ಸಾಕಷ್ಟು ನೀರು ಸರಿಪಡಿಸುತ್ತದೆ. ಸೀದ ವಾಸನೆ ಬಂದಿದ್ದರೆ ಮಾತ್ರ ಬೇರೆ ದಾರಿಯಿಲ್ಲ. ಡಾರ್ಕ್ ಚಾಕೊಲೇಟನ್ನು 50 ಡಿಗ್ರಿ ದಾಟಿಸದೆ, ಬಟ್ಟಲು ಕುದಿಯುವ ನೀರಿಗೆ ತಾಗದಂತೆ ಕರಗಿಸಬೇಕು.

ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಡಾರ್ಕ್ ಕಾಂಪೌಂಡ್‌ನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಕೊಬ್ಬು ಇರುತ್ತದೆ. ಅದರಿಂದ ಮಾಡಿದ ಕೇಕು ಆರಿದ ಮೇಲೆ ಬಿರುಸಾಗಿ, ಅಂಗುಳಿಗೆ ಮೇಣ ಬಳಿದಂತೆ ಆಗುತ್ತದೆ. ಸಿಹಿಯೂ ಹೆಚ್ಚು. ಬೇರೇನೂ ಸಿಗದಿದ್ದರೆ ಸಕ್ಕರೆ 40 ಗ್ರಾಂ ಕಡಿಮೆ ಮಾಡಿ, ಕೋಕೋ 10 ಗ್ರಾಂ ಹೆಚ್ಚಿಸಿ, ಕೇಕನ್ನು ಬೆಚ್ಚಗಿರುವಾಗಲೇ ಬಡಿಸಿ. ನಾನಂತೂ ಈ ಒಂದು ಕೇಕಿಗೆ ಕೋಕೋ ಬೆಣ್ಣೆಯ ಚಾಕೊಲೇಟನ್ನೇ ತರುತ್ತೇನೆ.

ಹಿಟ್ಟು ಒಡೆದ ಹಾಲಿನಂತೆ ಕಂಡು ಬದಿಯಲ್ಲಿ ಜಿಡ್ಡು ನಿಂತರೆ ಬಿಸಿ ಚಾಕೊಲೇಟಿಗೆ ಫ್ರಿಜ್ಜಿನ ಮೊಟ್ಟೆ ಬಿದ್ದಿದೆ. ಒಂದು ಚಮಚ ಬೆಚ್ಚನೆಯ ಹಾಲು ಹಾಕಿ ಜೋರಾಗಿ ಕಡೆದರೆ ಕೂಡಿಕೊಳ್ಳುತ್ತದೆ. ಮೊಟ್ಟೆಯನ್ನು ಒಂದು ಗಂಟೆ ಮೊದಲೇ ಹೊರಗಿಟ್ಟುಕೊಳ್ಳಿ, ಚಾಕೊಲೇಟ್ ಬೆರಳು ತಾಳುವಷ್ಟು ಬೆಚ್ಚಗಿರಲಿ.

ನಮ್ಮ ಸಕ್ಕರೆಯ ಹರಳು ದಪ್ಪ. ಹಾಗೇ ಹಾಕಿದರೆ ಪೂರ್ತಿ ಕರಗದೆ ಹಲ್ಲಿಗೆ ಸಿಗುತ್ತದೆ, ಮೇಲ್ಭಾಗಕ್ಕೆ ಆ ಹೊಳೆಯುವ ತೆಳು ಪೊರೆಯೂ ಬರುವುದಿಲ್ಲ. ಮಿಕ್ಸಿಯಲ್ಲಿ ಪುಡಿ ಮಾಡಿ ಮೊಟ್ಟೆಯ ಜೊತೆ ನಾಲ್ಕು ನಿಮಿಷ ಕಡೆಯಿರಿ. ಮೈದಾವನ್ನು ತೂಗಿಯೇ ಹಾಕಿ: ಅರ್ಧ ಕಪ್ಪು ಸಡಿಲವಾಗಿ ತುಂಬಿದರೆ 60 ಗ್ರಾಂ, ಒತ್ತಿ ತುಂಬಿದರೆ 75, ಆ 15 ಗ್ರಾಮಿಗೇ ಅಂಟು ಕೇಕು ಸಾದಾ ಕೇಕಾಗುತ್ತದೆ. ಮೊಟ್ಟೆ ಸಿಪ್ಪೆ ಬಿಟ್ಟು ಒಟ್ಟು 150 ಗ್ರಾಂ ಬೇಕು; ಸಣ್ಣ ಮೊಟ್ಟೆಯಾದರೆ ನಾಲ್ಕು ಒಡೆದು ಕಲಕಿ ತೂಗಿ. ಕೇಕು ಉಬ್ಬಿ ಆಮೇಲೆ ನಡುವಿನಲ್ಲಿ ಹಳ್ಳ ಬಿದ್ದರೆ ಯಾರೋ ಅಭ್ಯಾಸಬಲದಿಂದ ಬೇಕಿಂಗ್ ಪೌಡರ್ ಹಾಕಿದ್ದಾರೆ. ಸ್ವಲ್ಪ ತಗ್ಗುವುದು ಸಹಜ, ಬಟ್ಟಲಿನಂತೆ ಕುಸಿಯುವುದು ಸಹಜವಲ್ಲ.

ಮೊಟ್ಟೆ ಇಲ್ಲದೆ, ಓವನ್ ಇಲ್ಲದೆ

ಮೊಟ್ಟೆ ಇಲ್ಲದ ಕೇಕಿಗೆ ಮೇಲಿನ ಶಾಖದ ಲೆಕ್ಕ ಹೊಂದುವುದಿಲ್ಲ. ಕಂಡೆನ್ಸ್ಡ್ ಮಿಲ್ಕ್, ಮೊಸರು ಹಾಕಿ ಮಾಡುವಾಗ ಹಿಡಿದು ನಿಲ್ಲಿಸುವುದು ಮೈದಾ ಮಾತ್ರ. 78 ಡಿಗ್ರಿಗೆ ತೆಗೆದರೆ ನಡುವಿನಲ್ಲಿ ಇರುವುದು ಹಸಿ ಮೈದಾ, ಅದನ್ನು ಹದ ಎಂದು ಕರೆಯಬಾರದು. 90 ದಾಟುವವರೆಗೆ ಬೇಯಿಸಿ. ಅಂಟು ಬೇಕೆಂದರೆ ಅದನ್ನು ಬೇರೆ ದಾರಿಯಿಂದ ತನ್ನಿ: ಪೀನಟ್ ಬಟರಿನ ಬಿಲ್ಲೆ ಹೆಚ್ಚಿಸಿ, ಬೆಂದು ಬೆಚ್ಚಗಿರುವ ಕೇಕಿಗೆ ಕಡ್ಡಿಯಿಂದ ತೂತು ಮಾಡಿ ಚಾಕೊಲೇಟ್ ಕ್ರೀಮ್ ಸುರಿಯಿರಿ.

ಒಲೆಯ ಮೇಲೆ ದಪ್ಪ ಪಾತ್ರೆಯಲ್ಲಿ ಮಾಡುವವರಿಗೆ ಶಾಖ ಬರುವುದು ಕೆಳಗಿನಿಂದ ಮಾತ್ರ. ತಳ ಸೀದು ಮೇಲ್ಭಾಗ ಒದ್ದೆಯಾಗಿದ್ದರೆ ಸ್ಟ್ಯಾಂಡ್ ಎತ್ತರಿಸಿ, ಪಾತ್ರೆಯ ಕೆಳಗೆ ಹಳೆಯ ತವಾ ಇಡಿ, ಮುಚ್ಚಳದ ನೀರು ತೊಟ್ಟಿಕ್ಕದಂತೆ ಟಿನ್ನಿನ ಮೇಲೆ ಫಾಯಿಲ್ ಸಡಿಲವಾಗಿ ಹೊದಿಸಿ, ಬಿಲ್ಲೆಗಳನ್ನು ಮೇಲಿನ ಅರ್ಧದಲ್ಲಿ ಇಡಿ. ಕುಕ್ಕರಿನಲ್ಲಾದರೆ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದಿರಬೇಕು.

ಕತ್ತರಿಸಿದ ಮೇಲೆ ಉಳಿಸಿಕೊಳ್ಳುವುದು

ನಡು ನಿಜಕ್ಕೂ ಹಸಿಯಾಗಿದ್ದರೆ ಇಡೀ ಕೇಕನ್ನು ಮತ್ತೆ ಒಳಗಿಡಬೇಡಿ, ಅಂಚು ಕಲ್ಲಾಗುತ್ತದೆ. ತುಂಡು ಮಾಡಿ, ಹಸಿ ಮುಖ ಮೇಲೆ ಬರುವಂತೆ ಟ್ರೇಯಲ್ಲಿ ಜೋಡಿಸಿ 150 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಇಡಿ. ಒಣಗಿದ ಕೇಕಿಗೆ ಬಿಸಿ ಕ್ರೀಮ್ ಮತ್ತು ಚಾಕೊಲೇಟ್ ಸಮ ತೂಕದಲ್ಲಿ ಕಲಸಿ ತೂತುಗಳೊಳಗೆ ಇಳಿಸಿದರೆ ಮರುದಿನಕ್ಕೆ ಮೆತ್ತಗಾಗುತ್ತದೆ. ಹಂಚುವ ಮುನ್ನ ಕಡಲೆಕಾಯಿ ಇದೆ ಎಂದು ಬಾಯಿಬಿಟ್ಟು ಹೇಳಿ, ಮಕ್ಕಳಿದ್ದಾಗ ಖಂಡಿತ. ಮೇಲೆ ಚಾಕೊಲೇಟ್ ಮುಚ್ಚಿರುವುದರಿಂದ ಒಳಗಿನದು ಕಾಣುವುದಿಲ್ಲ, ಕಡಲೆಕಾಯಿಯ ಅಲರ್ಜಿ ಇರುವವರಿಗೆ ಸ್ವಲ್ಪವೇ ಪ್ರಾಣಕ್ಕೆ ಬರಬಹುದು.

ಸರಿಯಾಗಿಯೇ ಬಂದ ಕೇಕು ಮರುದಿನ ಗಟ್ಟಿಯಾಗಿದೆ ಎಂದು ಬೇಸರಪಟ್ಟವರನ್ನು ಕಂಡಿದ್ದೇನೆ. ಫ್ರಿಜ್ಜಿನಲ್ಲಿ ಬೆಣ್ಣೆ ಮತ್ತು ಕೋಕೋ ಬೆಣ್ಣೆ ಹೆಪ್ಪುಗಟ್ಟಿವೆ, ಅಷ್ಟೇ. ತುಂಡನ್ನು ಮೈಕ್ರೋವೇವಿನಲ್ಲಿ 12ರಿಂದ 15 ಸೆಕೆಂಡು ಇಡಿ, ಮೈಕ್ರೋವೇವ್ ಇಲ್ಲದಿದ್ದರೆ ಕಾದ ತವಾದ ಉರಿ ಆರಿಸಿ ಅದರ ಮೇಲೆ ತಟ್ಟೆ ಸಮೇತ ಮುಚ್ಚಿ ಐದು ನಿಮಿಷ ಬಿಡಿ. ಚಮಚ ಒತ್ತಿದಾಗ ಪೀನಟ್ ಬಟರ್ ಮೆಲ್ಲಗೆ ಹೊರಗೆ ಬಂದರೆ ತಿನ್ನಲು ಸಿದ್ಧ.